ಆರೋಗ್ಯದ ಖಾತೆ-ಕಿರ್ದಿ

ಸಂಘಗಳ ಸ್ಮರಣಸಂಚಿಕೆಗಳಲ್ಲಿ ಅಚ್ಚಾಗುವ ಆರೋಗ್ಯಲೇಖನಗಳು ಸಾಮಾನ್ಯವಾಗಿ ದೇಹದ ಸುತ್ತಲೇ ಸುತ್ತುತ್ತವೆ. ಮಧುಮೇಹಿಗಳು ಏನನ್ನು ತಿನ್ನಬಹುದು, ರಕ್ತದೊತ್ತಡವುಳ್ಳವರು ಉಪ್ಪನ್ನು ಎಷ್ಟು ಬಿಡಬೇಕು, ದಿಲ್ಲಿಯ ಚಳಿಗಾಲದ ಹೊಗೆಯಲ್ಲಿ ವಯಸ್ಸಾದವರು ಬೆಳಗಿನ ನಡಿಗೆಯನ್ನು ನಿಲ್ಲಿಸಬೇಕೆ ಎಂಬಂಥ ಪ್ರಶ್ನೆಗಳಿಗೆ ವೈದ್ಯರು ಉತ್ತರ ನೀಡುತ್ತಾರೆ. ಇವೆಲ್ಲ ಬೇಕಾದವೇ. ಆದರೆ ಕಾಯಿಲೆ ಬಿದ್ದ ಮನೆಯಲ್ಲಿ ರೋಗದ ಹೆಸರು ತಿಳಿದ ಮರುಕ್ಷಣವೇ ಏಳುವ ಪ್ರಶ್ನೆ ಬೇರೊಂದು: ಇದಕ್ಕೆ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಅದಕ್ಕೆ ಉತ್ತರ ಹುಡುಕುವ ಶಾಸ್ತ್ರಕ್ಕೆ ಆರೋಗ್ಯನೀತಿಯ ಅಧ್ಯಯನವೆಂದು ಹೆಸರು. ಒಂದು ದೇಶದ ವ್ಯವಸ್ಥೆಯನ್ನು ಇನ್ನೊಂದರ ಪಕ್ಕದಲ್ಲಿರಿಸಿ ನೋಡುವುದು ಅದರ ಮುಖ್ಯ ವಿಧಾನ.

ಈ ವಿಷಯವು ತಮ್ಮದಲ್ಲವೆಂದು ವಿದ್ಯಾವಂತರು ಕೈತೊಳೆದುಕೊಳ್ಳುವುದೇ ಹೆಚ್ಚು. ಡಾಕ್ಟರುಗಳು ಇದು ಅರ್ಥಶಾಸ್ತ್ರವೆನ್ನುತ್ತಾರೆ. ಅರ್ಥಶಾಸ್ತ್ರಜ್ಞರು ಇದು ಆಡಳಿತವೆನ್ನುತ್ತಾರೆ. ಆಡಳಿತಗಾರರಿಗೆ ಇದು ಕಡತ. ವಾಸ್ತವವಾಗಿ ಇದು ಖಾತೆ-ಕಿರ್ದಿಯ ವಿಷಯ. ಯಾರ ಕಿಸೆಯಿಂದ ಎಷ್ಟು ಹೋಯಿತು, ಯಾರ ಖಾತೆಗೆ ಎಷ್ಟು ಜಮೆಯಾಯಿತು, ಎಷ್ಟು ಮೊದಲೇ ಸಂಗ್ರಹವಾಗಿತ್ತು, ಎಷ್ಟನ್ನು ರೋಗಿಯ ಮಂಚದ ಬಳಿ ಎಣಿಸಲಾಯಿತು ಎಂಬ ನಾಲ್ಕು ಕಲಮುಗಳನ್ನು ಬರೆದುಕೊಂಡರೆ ಯಾವ ದೇಶದ ವ್ಯವಸ್ಥೆಯ ಸ್ವರೂಪವಾದರೂ ಮುಕ್ಕಾಲು ಪಾಲು ಬಯಲಾಗುತ್ತದೆ.

ಭಾರತದ ಲೆಕ್ಕವನ್ನೇ ನೋಡಬಹುದು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯವೆಚ್ಚದ ಪ್ರತಿ ನೂರು ರೂಪಾಯಿಯಲ್ಲಿ 64 ರೂಪಾಯಿಗಳನ್ನು ಜನರು ನೇರವಾಗಿ ಕೈಯಿಂದ ತೆತ್ತರು. 2021-22ರ ಹೊತ್ತಿಗೆ ಇದು 39 ರೂಪಾಯಿಗೆ ಇಳಿಯಿತು. ಇಳಿಕೆ ಸಂತೋಷದ ಸಂಗತಿ. ಆದರೆ ಇದೇ ಅವಧಿಯಲ್ಲಿ ಸರಕಾರಗಳ ವೆಚ್ಚವು ರಾಷ್ಟ್ರೀಯ ಉತ್ಪನ್ನದ ಶೇಕಡಾ 1.15ರಿಂದ 1.84ಕ್ಕೆ ಮಾತ್ರ ಏರಿತು. 2025ರೊಳಗೆ ಇದನ್ನು ಶೇಕಡಾ 2.5ಕ್ಕೆ ಒಯ್ಯಬೇಕೆಂಬುದು 2017ರ ರಾಷ್ಟ್ರೀಯ ಆರೋಗ್ಯನೀತಿಯ ಸಂಕಲ್ಪವಾಗಿತ್ತು. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ತ್ವವನ್ನು ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿಯು 1946ರಲ್ಲಿಯೇ, ಅಂದರೆ ಸ್ವಾತಂತ್ರ್ಯಕ್ಕೆ ಮೊದಲೇ, ಬರೆದಿಟ್ಟಿತ್ತು. ತತ್ತ್ವಕ್ಕೆ ಈ ದೇಶದಲ್ಲಿ ಎಂದೂ ಬರವಿರಲಿಲ್ಲ.

ಆರೋಗ್ಯವ್ಯವಸ್ಥೆಗಳನ್ನು ಹೋಲಿಸಿ ನೋಡಬೇಕೆನ್ನುವ ವಿದ್ಯಾರ್ಥಿ ಒಡನೆಯೇ ಲಂಡನ್ನಿನ ಅಥವಾ ಅಮೆರಿಕದ ವಿಶ್ವವಿದ್ಯಾನಿಲಯದತ್ತ ಕಣ್ಣು ಹಾಯಿಸುವುದು ರೂಢಿ. ಹೋಗಬಾರದೆಂದಲ್ಲ. ಆದರೆ ದಿಲ್ಲಿಯಲ್ಲಿ ವಾಸಿಸುವವನಿಗೆ ಆ ಪ್ರಯಾಣದ ಅವಸರವಿಲ್ಲ. ಜಗತ್ತಿನ ನಾಲ್ಕು ಬಗೆಯ ವ್ಯವಸ್ಥೆಗಳು ಈ ಊರಿನಲ್ಲಿ ಒಂದೇ ಬೀದಿಯ ಆಚೀಚೆ ನಡೆಯುತ್ತಿವೆ.

ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯ ಕಾಯಿಲೆವಿಮೆಯನ್ನು ಜಾರಿಗೆ ತಂದನು. ದುಡಿಯುವವನೂ ದುಡಿಸುವವನೂ ವಂತಿಗೆ ಕೊಡುವುದು ಅದರ ಮೂಲಸೂತ್ರ. ಆ ಸೂತ್ರದ ಭಾರತೀಯ ರೂಪವೇ ಇ.ಎಸ್.ಐ. ಎಂದು ಎಲ್ಲರೂ ಕರೆಯುವ ನೌಕರರ ರಾಜ್ಯವಿಮೆ. 1948ರ ಕಾಯಿದೆಯಂತೆ ಅದು 1952ರ ಫೆಬ್ರವರಿ 24ರಂದು ಕಾನಪುರದಲ್ಲಿಯೂ ದಿಲ್ಲಿಯಲ್ಲಿಯೂ ಏಕಕಾಲದಲ್ಲಿ ಆರಂಭವಾಯಿತು. ಓಖಲಾ, ಝಿಲ್‌ಮಿಲ್, ಬಸಯಿದಾರಾಪುರಗಳ ಇ.ಎಸ್.ಐ. ಆಸ್ಪತ್ರೆಗಳ ಮುಂದೆ ಬೆಳಗ್ಗೆ ನಿಲ್ಲುವ ಸಾಲು ಬಿಸ್ಮಾರ್ಕನ ಸಾಲು. 2019ರ ಜುಲೈಯಿಂದ ಅದಕ್ಕೆ ಮಾಲೀಕರು ವೇತನದ ಶೇಕಡಾ 3.25ರಷ್ಟನ್ನೂ ನೌಕರರು 0.75ರಷ್ಟನ್ನೂ ಕಟ್ಟುವ ಏರ್ಪಾಡಾಯಿತು. ಕಾಯಿಲೆಯ ದಿನಗಳಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ಹಣ ಕೈಗೆ ಬರುವುದು ಇದರ ದೊಡ್ಡ ಗುಣ. ಔಷಧಿ ದೊರೆತರೂ ದಿನಗೂಲಿ ತಪ್ಪಿದರೆ ಮನೆಯ ಒಲೆ ಉರಿಯುವುದಿಲ್ಲವೆಂಬ ಸತ್ಯವನ್ನು ಅರಿತವರು ಮಾಡಿದ ಕಾನೂನು ಇದು. ದೋಷವೂ ಉಂಟು. 2017ರಲ್ಲಿ 21,000 ರೂಪಾಯಿಗೆ ನಿಂತ ವೇತನಮಿತಿಯನ್ನು ದಾಟಿದವನು, ಆ ವಂತಿಗೆಯ ಅವಧಿ ಮುಗಿಯುತ್ತಲೇ, ಹೊರಬೀಳುತ್ತಾನೆ. ಸಂಬಳ ಏರಿತೆಂದು ಸಿಹಿ ಹಂಚಿದವನು ಆಸ್ಪತ್ರೆಯ ಚೀಟಿಯನ್ನು ಕಳೆದುಕೊಳ್ಳುವ ವಿಚಿತ್ರವು ಇಲ್ಲಿ ಮಾತ್ರ ಕಾಣಸಿಗುತ್ತದೆ.

ಇಂಗ್ಲೆಂಡಿನ ಮಾರ್ಗ ಬೇರೆ. ಅಲ್ಲಿ 1942ರ ಬೆವರಿಜ್ ವರದಿಯ ಬೆನ್ನಿಗೆ, ಮಂತ್ರಿ ಅನೈರಿನ್ ಬೆವನ್ನನ ಹಟದಿಂದ, 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯಸೇವೆ ಪ್ರಾರಂಭವಾಯಿತು. ಹಣ ಮುಖ್ಯವಾಗಿ ತೆರಿಗೆಯಿಂದ. ಬಾಗಿಲು ಎಲ್ಲರಿಗೂ ತೆರೆದದ್ದು. ದಿಲ್ಲಿಯಲ್ಲಿ ಇದಕ್ಕೆ ಹತ್ತಿರವಾದವು ಸಫ್ದರ್‌ಜಂಗ್, ಲೋಕನಾಯಕ ಆಸ್ಪತ್ರೆಗಳು ಮತ್ತು 1956ರ ಕಾಯಿದೆಯಿಂದ ಹುಟ್ಟಿದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ. ಬಿಹಾರದ ಹಳ್ಳಿಯಿಂದ ರೈಲುಹತ್ತಿ ಬಂದವನನ್ನು ಇವು ನಿನ್ನ ಸಂಬಳವೆಷ್ಟೆಂದು ಕೇಳುವುದಿಲ್ಲ. ಕೇಳದಿರುವುದರ ಬೆಲೆಯನ್ನು ರೋಗಿಯು ಕಾಯುವುದರ ಮೂಲಕ ತೆರುತ್ತಾನೆ. ಕಾಲುದಾರಿಯಲ್ಲಿ ಹೊದ್ದು ಮಲಗಿದ ಕುಟುಂಬಗಳನ್ನು ನೋಡದೆ ಆ ರಸ್ತೆಯಲ್ಲಿ ಹಾದುಹೋದವರು ವಿರಳ. ಕಾಯುವಿಕೆ ಬಡದೇಶದ ಶಾಪವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿಯೇ ಶಸ್ತ್ರಚಿಕಿತ್ಸೆ ಮೊದಲಾದವುಗಳಿಗೆ ಕಾದಿರುವವರ ಪಟ್ಟಿ 2022ರಲ್ಲಿ 70 ಲಕ್ಷವನ್ನು ದಾಟಿತು.

ಮೂರನೆಯದು ಅಮೆರಿಕದ ಬಗೆ: ಹಣ ಅಥವಾ ಖಾಸಗಿ ವಿಮೆ ಇದ್ದವರಿಗೆ ಉತ್ತಮೋತ್ತಮ ಚಿಕಿತ್ಸೆ. ಆ ದೇಶವು ತನ್ನ ಉತ್ಪನ್ನದ ಆರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಸುರಿದರೂ ಎರಡು ಕೋಟಿಗೂ ಮೀರಿದ ಜನರಿಗೆ ಅಲ್ಲಿ ಯಾವ ವಿಮೆಯೂ ಇಲ್ಲ. ಗುರುಗ್ರಾಮ, ನೋಯಿಡಾ, ದಕ್ಷಿಣ ದಿಲ್ಲಿಗಳ ಗಾಜಿನ ಆಸ್ಪತ್ರೆಗಳು ಈ ವರ್ಗದವು. ಇವುಗಳ ವಿಷಯದಲ್ಲಿ ದಿಲ್ಲಿಗೆ ಒಂದು ವಿಶಿಷ್ಟ ಪಾಠವಿದೆ. ಹಲವು ಖಾಸಗಿ ಆಸ್ಪತ್ರೆಗಳಿಗೆ ಸರಕಾರವು ರಿಯಾಯಿತಿ ದರದಲ್ಲಿ ಜಮೀನು ಕೊಟ್ಟಿತು. ಪ್ರತಿಯಾಗಿ ಬಡವರಿಗೆ ಪುಕ್ಕಟೆ ಚಿಕಿತ್ಸೆ ನೀಡಬೇಕೆಂಬ ಷರತ್ತಿತ್ತು. ಷರತ್ತು ಕಾಗದದಲ್ಲಿಯೇ ಉಳಿಯಿತು. ಕೊನೆಗೆ ನ್ಯಾಯಮೂರ್ತಿ ಕುರೇಶಿ ಸಮಿತಿ ಇದನ್ನು ಪರಿಶೀಲಿಸಿತು. ಒಳರೋಗಿಗಳಲ್ಲಿ ಶೇಕಡಾ 10, ಹೊರರೋಗಿಗಳಲ್ಲಿ ಶೇಕಡಾ 25ರಷ್ಟು ಬಡವರಿಗೆ ಸಂಪೂರ್ಣ ಉಚಿತ ಚಿಕಿತ್ಸೆ ಕೊಡತಕ್ಕದ್ದೆಂದು ದಿಲ್ಲಿ ಉಚ್ಚ ನ್ಯಾಯಾಲಯವು 2007ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಈ ಹೊಣೆಯನ್ನು ಎತ್ತಿಹಿಡಿಯಿತು. ಸಾಲ ಕೊಡುವಾಗ ಒತ್ತೆ ಬರೆಸಿಕೊಂಡು, ವರ್ಷವರ್ಷವೂ ಆ ಒತ್ತೆ ಎಲ್ಲಿದೆಯೆಂದು ನೋಡದಿದ್ದರೆ ಯಾವ ಬ್ಯಾಂಕಿನ ಶಾಖಾಧಿಕಾರಿಯಾದರೂ ಕಾರಣ ಕೇಳುವ ನೋಟೀಸು ಪಡೆಯುತ್ತಾನೆ. ಸಾರ್ವಜನಿಕ ಜಮೀನಿನ ಒತ್ತೆಯನ್ನು ದಶಕಗಳ ಕಾಲ ಯಾರೂ ನೋಡಲಿಲ್ಲ.

ನಾಲ್ಕನೆಯದು ದಿಲ್ಲಿಯ ಕನ್ನಡಿಗರಿಗೆ ಅತ್ಯಂತ ಪರಿಚಿತವಾದ ಕೇಂದ್ರ ಸರಕಾರದ ಆರೋಗ್ಯಯೋಜನೆ, ಸಿ.ಜಿ.ಎಚ್.ಎಸ್. 1954ರಲ್ಲಿ ಇದೇ ಊರಿನಲ್ಲಿ ಅದು ಮೊದಲಾಯಿತು. ಲೋಧಿ ಕಾಲೊನಿ, ರಾಮಕೃಷ್ಣಪುರಂಗಳ ಸರಕಾರಿ ವಸತಿಗಳಲ್ಲಿ ಬಾಳಿದ ಒಂದು ತಲೆಮಾರಿನ ಕನ್ನಡ ಕುಟುಂಬಗಳಿಗೆ ಡಿಸ್ಪೆನ್ಸರಿಯ ಚೀಟಿ ರೇಷನ್ ಕಾರ್ಡಿನಷ್ಟೇ ಸಹಜವಾಗಿತ್ತು. ಆ ಡಿಸ್ಪೆನ್ಸರಿಗೆ ಸ್ವಾಸ್ಥ್ಯಕೇಂದ್ರವೆಂದು ಹೆಸರು ಬದಲಾದರೂ ಔಷಧಿಯ ಕಿಟಕಿಯ ಮುಂದಿನ ಸಾಲು ಬದಲಾಗಲಿಲ್ಲವೆಂದು ಗೊಣಗುವವರುಂಟು. ಗೊಣಗುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಏಳನೆಯ ವೇತನ ಆಯೋಗದ ನಂತರ ನಿಗದಿಯಾದ ವಂತಿಗೆ, ದರ್ಜೆಗನುಸಾರವಾಗಿ, ತಿಂಗಳಿಗೆ 250, 450, 650 ಮತ್ತು 1,000 ರೂಪಾಯಿ. ನಿವೃತ್ತನಾಗುವವನು ಹತ್ತು ವರ್ಷಗಳ ವಂತಿಗೆಯನ್ನು ಒಮ್ಮೆಗೇ ಕಟ್ಟಿದರೆ ಜೀವನಪರ್ಯಂತದ ಕಾರ್ಡು ದೊರೆಯುತ್ತದೆ. ಅಂದರೆ ಅತ್ಯುನ್ನತ ದರ್ಜೆಯ ಅಧಿಕಾರಿಗೆ 1,20,000 ರೂಪಾಯಿ, 450ರ ವರ್ಗದವನಿಗೆ 54,000, ಕೆಳಗಿನವನಿಗೆ 30,000. ಇಷ್ಟಕ್ಕೆ ಗಂಡಹೆಂಡಿರಿಬ್ಬರ ಉಳಿದ ಆಯುಷ್ಯದ ಚಿಕಿತ್ಸೆ.

ಇದರ ಪಕ್ಕದಲ್ಲಿ ಬ್ಯಾಂಕಿನಿಂದ ನಿವೃತ್ತನಾದವನನ್ನು ನಿಲ್ಲಿಸಬೇಕು. ಅವನೂ ಮೂವತ್ತೈದು ವರ್ಷ ಸಾರ್ವಜನಿಕ ಸಂಸ್ಥೆಯಲ್ಲಿಯೇ ದುಡಿದವನು. ಅವನ ಮನೆ ಆ ಅಧಿಕಾರಿಯ ಮನೆಯ ಎದುರಿಗೇ ಇದ್ದೀತು. 2015ರ ವೇತನ ಒಪ್ಪಂದದ ಫಲವಾಗಿ ಬ್ಯಾಂಕು ನಿವೃತ್ತರಿಗೆ ಒಂದು ಸಾಮೂಹಿಕ ವೈದ್ಯಕೀಯ ವಿಮೆ ಬಂದಿತು. ಅದರ ಕಂತನ್ನು ನಿವೃತ್ತರೇ ಭರಿಸಬೇಕೆಂಬುದು ಆಗಿನ ಏರ್ಪಾಡು. ಕೆಲವೇ ವರ್ಷಗಳಲ್ಲಿ ಕಂತು ಹಲವು ಪಟ್ಟು ಏರಿತು. ವಿಮಾಕಂಪನಿಯ ದುರಾಸೆಯೇ ಕಾರಣವೆಂದು ಕೂಗಿದವರು ಬಹಳ ಮಂದಿ. ಕಾರಣ ಅಷ್ಟು ಸರಳವಲ್ಲ. ಅರುವತ್ತು ದಾಟಿದವರನ್ನಷ್ಟೇ ಒಂದು ಗುಂಪಾಗಿ ಕಟ್ಟಿದರೆ ಅದು ಠೇವಣಿ ಇಡುವವರಿಲ್ಲದೆ ಹಣ ತೆಗೆಯುವವರೇ ತುಂಬಿದ ಬ್ಯಾಂಕಿನಂತಾಗುತ್ತದೆ. ಕ್ಲೇಮುಗಳು ಹೆಚ್ಚಿದಂತೆ ಕಂತು ಏರುತ್ತದೆ. ಕಂತು ಏರಿದಂತೆ ಗಟ್ಟಿಮುಟ್ಟಾಗಿರುವವರು ಬಿಟ್ಟುಹೋಗುತ್ತಾರೆ. ಉಳಿದವರು ಇನ್ನೂ ಹೆಚ್ಚು ರೋಗಿಷ್ಠರಾದ್ದರಿಂದ ಕಂತು ಮತ್ತೆ ಏರುತ್ತದೆ. ಸಿ.ಜಿ.ಎಚ್.ಎಸ್.ನಲ್ಲಿ ಇಪ್ಪತ್ತೈದರ ಗುಮಾಸ್ತನ ವಂತಿಗೆಯೂ ಅದರ ಹಿಂದೆ ಇಡೀ ಖಜಾನೆಯೂ ಎಂಬತ್ತರ ನಿವೃತ್ತನನ್ನು ಹೊತ್ತಿರುತ್ತವೆ. ಭೇದವಿರುವುದು ಯಾರೊಡನೆ ಯಾರನ್ನು ಕೂಡಿಸಿದ್ದಾರೆ ಎಂಬುದರಲ್ಲಿ. ಆರೋಗ್ಯನೀತಿಯ ದಪ್ಪ ಗ್ರಂಥಗಳು ನೂರಾರು ಪುಟಗಳಲ್ಲಿ ಹೇಳುವ ವಿಷಯದ ತಿರುಳು ಇಷ್ಟೇ.

ರಾಜಧಾನಿ ವಲಯದ ಇನ್ನೊಂದು ಸೋಜಿಗವೆಂದರೆ ಗಡಿಗಳು. ಮೆಟ್ರೋ ಗಾಡಿಗೆ ಅವು ತಿಳಿಯುವುದಿಲ್ಲ, ರೋಗಿಗೆ ತಿಳಿಯುತ್ತವೆ. ಉತ್ತರಪ್ರದೇಶದ ಗಡಿಯಲ್ಲಿರುವ ಗುರು ತೇಗ ಬಹಾದ್ದೂರ್ ಆಸ್ಪತ್ರೆಯಲ್ಲಿ ಶೇಕಡಾ 80ರಷ್ಟು ಹಾಸಿಗೆಗಳನ್ನು ದಿಲ್ಲಿಯ ನಿವಾಸಿಗಳಿಗೇ ಮೀಸಲಿಡುವ ಸುತ್ತೋಲೆಯೊಂದು 2018ರಲ್ಲಿ ಹೊರಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2020ರ ಜೂನಿನಲ್ಲಿ, ಮಹಾಮಾರಿಯ ನಡುವೆ, ದಿಲ್ಲಿ ಸರಕಾರದ ಆಸ್ಪತ್ರೆಗಳು ದಿಲ್ಲಿಯವರಿಗೆ ಮಾತ್ರವೆಂದು ಮತ್ತೆ ಘೋಷಣೆಯಾಗಿ, ಮರುದಿನವೇ ಉಪರಾಜ್ಯಪಾಲರಿಂದ ತಳ್ಳಿಹೋಯಿತು. ದಿಲ್ಲಿಯ ತೆರಿಗೆದಾರನ ಹಣವನ್ನು ನೆರೆಯ ರಾಜ್ಯದವರಿಗೆ ಏಕೆ ವೆಚ್ಚಮಾಡಬೇಕೆಂಬ ವಾದವನ್ನು ಒಮ್ಮೆಲೇ ಧಿಕ್ಕರಿಸುವಂತಿಲ್ಲ. ಆದರೆ ಆ ನೆರೆಯವನೇ ದಿನವೂ ಗಾಜಿಯಾಬಾದಿನಿಂದ ಬಂದು ಈ ನಗರದ ಕೆಲಸ ಮಾಡುವವನು.

ಕನ್ನಡಿಗರ ಪಾಲಿಗೆ ಈ ಗಡಿ ಇನ್ನೂ ಉದ್ದವಾದದ್ದು. ಮಂಡ್ಯದ ಹಳ್ಳಿಯೊಂದರ ತಾಯಿ, ಪತಿ ತೀರಿದ ಮೇಲೆ, ನೋಯಿಡಾದ ಖಾಸಗಿ ಕಂಪನಿಯಲ್ಲಿರುವ ಮಗನ ಮನೆಗೆ ಬಂದು ನೆಲೆಸಿದಳೆಂದು ಇಟ್ಟುಕೊಳ್ಳಬಹುದು. ಇಂಥ ಮನೆಗಳು ವಲಯದಲ್ಲಿ ಕಡಿಮೆಯೇನಲ್ಲ. ಊರಿನ ಸಹಕಾರ ಸಂಘದ ಮೂಲಕ ಆಕೆಗೆ ಯಶಸ್ವಿನಿಯ ಕಾರ್ಡಿತ್ತು. ಅದು ಕರ್ನಾಟಕದ ಸಹಕಾರಿಗಳಿಗಾಗಿ ಹುಟ್ಟಿದ ಯೋಜನೆ. ಮಗನ ಕಂಪನಿಯ ವಿಮೆ ತಂದೆತಾಯಿಯರನ್ನು ಸೇರಿಸಿಕೊಳ್ಳದಿರಬಹುದು. ಅರುವತ್ತೈದರ ಆಕೆಗೆ ಹೊಸದಾಗಿ ಖಾಸಗಿ ವಿಮೆ ಮಾಡಿಸಹೊರಟರೆ ಕಂತು ದುಬಾರಿ. ಇರುವ ಕಾಯಿಲೆಗಳಿಗೆ ಕಾಯುವ ಅವಧಿಯ ತೊಡಕು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ ಯೋಜನೆಯ ಐದು ಲಕ್ಷ ರೂಪಾಯಿಗಳ ರಕ್ಷಣೆಯನ್ನು 2024ರ ಅಕ್ಟೋಬರಿನಲ್ಲಿ ಎಪ್ಪತ್ತು ತುಂಬಿದ ಎಲ್ಲರಿಗೂ, ಆದಾಯದ ಭೇದವಿಲ್ಲದೆ, ವಿಸ್ತರಿಸಲಾಯಿತು. ದಿಲ್ಲಿ ರಾಜ್ಯವು ಆ ಯೋಜನೆಗೆ ಸೇರಿದ್ದು 2025ರ ಏಪ್ರಿಲಿನಲ್ಲಿ. ಅಲ್ಲಿಗೆ ಆ ತಾಯಿ ಇನ್ನು ಐದು ವರ್ಷ ಕಾಯಿಲೆ ಬೀಳದೆ ಕಾದರೆ ಸಾಕು! ಆಸ್ಪತ್ರೆಗೆ ಸೇರಿದಾಗಿನ ವೆಚ್ಚವನ್ನಷ್ಟೇ ಆ ಯೋಜನೆ ಭರಿಸುತ್ತದೆ ಎಂಬುದನ್ನೂ ಮರೆಯಬಾರದು. ರಕ್ತದೊತ್ತಡದ ಗುಳಿಗೆ, ಸಕ್ಕರೆಯ ಪರೀಕ್ಷೆ, ತಿಂಗಳ ಡಾಕ್ಟರ ಫೀಜು, ಇವು ಮನೆಯ ಬಾಬ್ತು. ಕೈಯಿಂದ ಹೋಗುವ ಹಣದಲ್ಲಿ ಅತ್ಯಂತ ದೊಡ್ಡ ಪಾಲು ಔಷಧಿಯದೇ.

ದೇಶಗಳನ್ನು ಹೋಲಿಸುವವರು ಮಾಡುವ ಸಾಮಾನ್ಯವಾದ ತಪ್ಪೆಂದರೆ ಪರೀಕ್ಷೆಯ ಅಂಕಪಟ್ಟಿಯಂತೆ ಮೊದಲ ಸ್ಥಾನ, ಕೊನೆಯ ಸ್ಥಾನ ಎಂದು ಎಣಿಸುವುದು. ಇದರಿಂದ ಪ್ರಬಂಧ ಬರೆಯಬಹುದೇ ಹೊರತು ಒಂದು ಡಿಸ್ಪೆನ್ಸರಿಯನ್ನು ನಡೆಸಲಾಗದು. ಥಾಯ್‌ಲೆಂಡು 2002ರ ಕಾಯಿದೆಯಿಂದ ಭೇಟಿಯೊಂದಕ್ಕೆ 30 ಬಾತ್ ಕೊಟ್ಟರೆ ಸಾಕೆಂಬ ವ್ಯವಸ್ಥೆಯನ್ನು ಎಲ್ಲರಿಗೂ ಒದಗಿಸಿದುದು ಪ್ರಸಿದ್ಧ. ಆದರೆ ಅದಕ್ಕೆ ಮೊದಲಿನ ದಶಕಗಳಲ್ಲಿ ಆ ದೇಶವು ಜಿಲ್ಲಾ ಆಸ್ಪತ್ರೆಗಳನ್ನು ಕಟ್ಟಿ, ಹೊಸ ಡಾಕ್ಟರುಗಳನ್ನು ಹಳ್ಳಿಗಳಿಗೆ ಕಳುಹಿಸಿತ್ತೆಂಬುದನ್ನು ಭಾಷಣಕಾರರು ಬಿಟ್ಟುಬಿಡುತ್ತಾರೆ. ಕಾರ್ಡನ್ನು ನಕಲುಮಾಡುವುದು ಸುಲಭ.

ಹೋಲಿಕೆಯನ್ನು ಹೇಗೆ ಮಾಡಬೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಎರಡು ಉತ್ಕೃಷ್ಟ ನಿದರ್ಶನಗಳಿವೆ. ಪರದೇಶದ ಪಠ್ಯಗಳನ್ನು ಓದುವ ಕನ್ನಡದ ಹುಡುಗರಿಗೆ ಇವು ತಿಳಿದಿರುವುದಿಲ್ಲವೆಂಬುದು ವಿಷಾದದ ಸಂಗತಿ.

ಮೊದಲನೆಯದು ತುಮಕೂರು ಜಿಲ್ಲೆಯದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಹಳ್ಳಿಯವರು ಅಜ್ಞಾನಿಗಳು, ಕೆಮ್ಮಿನಲ್ಲಿ ರಕ್ತ ಬಂದರೂ ಡಾಕ್ಟರ ಬಳಿ ಹೋಗುವುದಿಲ್ಲ, ಆದ್ದರಿಂದ ಎಕ್ಸ್‌ರೇ ಗಾಡಿಗಳಲ್ಲಿ ಊರೂರು ಸುತ್ತಿ ರೋಗಿಗಳನ್ನು ಹಿಡಿಯಬೇಕು ಎಂಬುದು ಆ ಕಾಲದ ಪಂಡಿತರ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಇಬ್ಬರೂ ಆ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆಯಿಂದ ಪತ್ತೆಯಾದ ಕ್ಷಯರೋಗಿಗಳನ್ನು ಅವರ ಮನೆಗಳಲ್ಲಿಯೇ ಮಾತನಾಡಿಸಲಾಯಿತು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು; ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆಯನ್ನು ಹುಡುಕಿಕೊಂಡು ಹೋಗಿದ್ದರು. ಸರಕಾರಿ ಆಸ್ಪತ್ರೆಯ ಬಾಗಿಲಿಗೆ ಹೋದವರ ಕಫವನ್ನು ಯಾರೂ ಪರೀಕ್ಷಿಸಲಿಲ್ಲ. ಒಂದು ಶೀಷೆ ಕೆಮ್ಮಿನ ಔಷಧಿ ಕೊಟ್ಟು ಹಿಂದಕ್ಕೆ ಕಳುಹಿಸಿದ್ದರು. ಅಜ್ಞಾನ ಕೌಂಟರಿನ ಯಾವ ಬದಿಯಲ್ಲಿತ್ತೆಂಬುದು ಸ್ಪಷ್ಟವಾಯಿತು. ಬರುವ ರೋಗಿಯ ಕಫವನ್ನು ಇರುವ ಆಸ್ಪತ್ರೆಯಲ್ಲಿಯೇ ಪರೀಕ್ಷಿಸಿ, ಮನೆಯಲ್ಲಿಯೇ ಔಷಧಿ ಕೊಡುವ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು 1962ರಲ್ಲಿ ರೂಪುಗೊಂಡದ್ದು ಬೆಂಗಳೂರಿನ ಈ ಬಗೆಯ ಕೆಲಸದಿಂದ. ಇದೇ ಬ್ಯಾನರ್ಜಿಯವರು ಮುಂದೆ ದಿಲ್ಲಿಗೆ ಬಂದು ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯ ಮತ್ತು ಸಮುದಾಯ ಆರೋಗ್ಯದ ಕೇಂದ್ರವನ್ನು ಕಟ್ಟಿದರು. ತುಮಕೂರಿನ ರೈತರು ಕಲಿಸಿದ ಪಾಠ ದಿಲ್ಲಿಯ ತರಗತಿಯನ್ನು ಸೇರಿತೆನ್ನಬಹುದು.

ಎರಡನೆಯದು ಉತ್ತರ ಕರ್ನಾಟಕದ್ದು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ ಮೊದಲಿಗೆ ಗುಲ್ಬರ್ಗ ವಿಭಾಗದಲ್ಲಿ, ಬಳಿಕ ಬೆಳಗಾವಿ ವಿಭಾಗದಲ್ಲಿ ಜಾರಿಯಾಯಿತು. ಬಡತನದ ರೇಖೆಯ ಕೆಳಗಿನವರಿಗೆ ಹೃದ್ರೋಗ, ಕ್ಯಾನ್ಸರು ಮುಂತಾದ ಭಾರೀ ಕಾಯಿಲೆಗಳ ಚಿಕಿತ್ಸೆಯನ್ನು ಅದು ಪುಕ್ಕಟೆಯಾಗಿ ಒದಗಿಸಿತು. ದಕ್ಷಿಣದ ಜಿಲ್ಲೆಗಳಿಗೆ ಇನ್ನೂ ಬಂದಿರಲಿಲ್ಲ. ಸಂಶೋಧಕರು ಮಾಡಿದ್ದೇನೆಂದರೆ, ಗಡಿಗೆರೆಯ ಆಚೆಯ 300 ಹಳ್ಳಿಗಳನ್ನೂ ಈಚೆಯ 272 ಹಳ್ಳಿಗಳನ್ನೂ ಜೊತೆಗಿಟ್ಟು ನೋಡಿದರು. ಅದೇ ಮಳೆ, ಅದೇ ಬೆಳೆ. ಬೇರೆಯಾದದ್ದು ಒಂದು ಕಾರ್ಡು. ಆ ಯೋಜನೆಯಿಂದ ಗುಣವಾಗಬಹುದಾದ ರೋಗಗಳಿಂದ ಬಡಮನೆಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಯೋಜನೆಯಿದ್ದ ಕಡೆ ಶೇಕಡಾ 0.32, ಇಲ್ಲದ ಕಡೆ ಶೇಕಡಾ 0.90 ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ವರದಿಯಾಯಿತು. ಒಂದು ಆಡಳಿತದ ಗೆರೆಯ ಮೇಲೆ ಇಷ್ಟು ಜೀವಗಳು ತೂಗಿದ್ದವು. ವಿಮೆಯ ಕಾರ್ಡು ಬರಿಯ ಚುನಾವಣೆಯ ಆಮಿಷವೆಂದು ಹೀಗಳೆಯುವವರು ಈ ಅಂಕಿಗಳಿಗೆ ಉತ್ತರ ಹೇಳಬೇಕು. ಅಂತೆಯೇ, ಕಾರ್ಡೊಂದಿದ್ದರೆ ಸಾಕೆನ್ನುವವರು ತುಮಕೂರಿನ ಕೆಮ್ಮಿನ ಶೀಷೆಯನ್ನು ನೆನೆಯಬೇಕು. ಹೃದಯದ ಶಸ್ತ್ರಕ್ರಿಯೆಯನ್ನು ವಿಮೆ ಕೊಂಡುಕೊಡಬಲ್ಲದು, ಹಳ್ಳಿಯ ಪ್ರಯೋಗಶಾಲೆಯಲ್ಲಿ ಕಫ ನೋಡುವವನನ್ನು ಕೊಂಡುಕೊಡಲಾರದು.

ಇಂಥ ಅಧ್ಯಯನಕ್ಕೆ ದಿಲ್ಲಿಯಲ್ಲಿ ಸೌಕರ್ಯಗಳು ಸಾಕಷ್ಟಿವೆ. ನೆಹರೂ ವಿಶ್ವವಿದ್ಯಾನಿಲಯದ ಕೇಂದ್ರವಲ್ಲದೆ ಮುನೀರ್ಕಾದಲ್ಲಿ 1977ರಲ್ಲಿ ರೂಪುಗೊಂಡ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯಿದೆ. 2006ರಲ್ಲಿ ಆರಂಭವಾದ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನವಿದೆ. ಇವುಗಳಿಗೆ ಎಂ.ಬಿ.ಬಿ.ಎಸ್. ಆದವರೇ ಹೋಗಬೇಕೆಂಬ ಭಾವನೆ ಕನ್ನಡ ಕುಟುಂಬಗಳಲ್ಲಿ ಬೇರೂರಿದೆ. ಮೆಡಿಕಲ್ ಸೀಟು ಸಿಗದೆ ಬಿ.ಕಾಂ. ಸೇರಿದ ಹುಡುಗಿಯನ್ನು ಬಂಧುಗಳು ಕರುಣೆಯಿಂದ ನೋಡುತ್ತಾರೆ. ಆಸ್ಪತ್ರೆಯ ವೆಚ್ಚಪಟ್ಟಿಯನ್ನು ಓದಿ ಅರ್ಥಮಾಡಿಕೊಳ್ಳಬಲ್ಲವಳು, ವಿಮೆಯ ಕರಾರಿನ ಸಣ್ಣಕ್ಷರಗಳನ್ನು ಬಿಡಿಸಬಲ್ಲವಳು, ಉಚಿತ ಹಾಸಿಗೆಗಳ ಲೆಕ್ಕವನ್ನು ತನಿಖೆ ಮಾಡಬಲ್ಲವಳು ಅವಳೇ. ದೇಶದಲ್ಲಿ ಡಾಕ್ಟರುಗಳ ಕೊರತೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಡಾಕ್ಟರುಗಳ ಹಣವನ್ನು ಲೆಕ್ಕವಿಡುವವರ ಕೊರತೆಯ ಬಗ್ಗೆ ಮಾತನಾಡಿದವರು ಕಡಿಮೆ.

ಕನ್ನಡ ಸಂಘಗಳು ಏರ್ಪಡಿಸುವ ಆರೋಗ್ಯಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳನ್ನು ಅಳೆಯುವ ಮೇಜುಗಳಿರುತ್ತವೆ. ಅವುಗಳ ಪಕ್ಕದಲ್ಲಿ ಇನ್ನೊಂದು ಮೇಜನ್ನು ಹಾಕಲು ವಿಶೇಷ ವೆಚ್ಚವೇನೂ ತಗಲದು. ಅಲ್ಲಿ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಕುಳಿತು, ಬಂದ ಪ್ರತಿಯೊಂದು ಕುಟುಂಬವನ್ನೂ ಮೂರು ಪ್ರಶ್ನೆಗಳನ್ನು ಕೇಳಬಹುದು: ಮನೆಯಲ್ಲಿ ಯಾರುಯಾರಿಗೆ ಯಾವ ಯೋಜನೆಯ ರಕ್ಷಣೆಯಿದೆ, ಯಾರಿಗೆ ಯಾವುದೂ ಇಲ್ಲ, ಕಳೆದ ಹನ್ನೆರಡು ತಿಂಗಳಲ್ಲಿ ಔಷಧಿಗೂ ಆಸ್ಪತ್ರೆಗೂ ಕೈಯಿಂದ ಎಷ್ಟು ಹೋಯಿತು. ಹೆಸರು ಬರೆದುಕೊಳ್ಳುವ ಅಗತ್ಯವಿಲ್ಲ. ವಯಸ್ಸು, ವಾಸಿಸುವುದು ದಿಲ್ಲಿಯಲ್ಲಿಯೋ ನೋಯಿಡಾದಲ್ಲಿಯೋ ಗುರುಗ್ರಾಮದಲ್ಲಿಯೋ ಎಂಬುದು ಸಾಕು. ಇನ್ನೂರು ಕುಟುಂಬಗಳ ಉತ್ತರಗಳು ಕೈಸೇರಿದರೆ ಒಂದು ಪುಟದ ತಃಖ್ತೆಯಾಗುತ್ತದೆ. ಅದನ್ನು ಮುಂದಿನ ವರ್ಷದ ಸ್ಮರಣಸಂಚಿಕೆಯಲ್ಲಿ, ಜಾಹೀರಾತುಗಳ ನಡುವೆ ಎಲ್ಲಿಯಾದರೂ ಸರಿ, ಅಚ್ಚುಮಾಡಿಸಬಹುದು.